ಹಿಂಬಾಗಿಲಿಗೆ ಎರಡು ಚೌಕ

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕೂತಿರುವ ನಮ್ಮ ಇಂಚಣ್ಣನ ಹೆಂಡತಿ, ಅತ್ತಿಗೆಯವರಿಗೆ, ಅವರ ಪಕ್ಕದಲ್ಲಿರುವ ಇಂಚಣ್ಣನ ಅಕ್ಕನವರಿಗೆ, ಕಚೇರಿಯ ಸಾಹೇಬರಿಗೆ, ನನ್ನ ಸಹೋದ್ಯೋಗಿಗಳಿಗೆ, ಈ ಕಟ್ಟಡದ ಬೇರೆ ಬೇರೆ ಮಹಡಿಗಳಿಂದ ಮೆಟ್ಟಿಲು ಹತ್ತಿ ಇಳಿದು ಬಂದಿರುವ ನಿಮಗೆಲ್ಲ — ನಮಸ್ಕಾರ.

ಕುರ್ಚಿ ಸಾಲದೆ ಗೋಡೆಗೆ ಒರಗಿ ನಿಂತವರೇ ಒಂದಿಪ್ಪತ್ತು ಜನ ಇದ್ದೀರಿ. ಒಟ್ಟು ಎಂಬತ್ತಮೂರು. ನಾನು ಎಣಿಸಿದೆ. ನೀವು ಒಬ್ಬೊಬ್ಬರಾಗಿ ಒಳಗೆ ಬರ್ತಿದ್ದ ಹಾಗೆ ಬಾಗಿಲಲ್ಲಿ ನಿಂತು ಅದನ್ನೇ ಎಣಿಸ್ತಾ ಇದ್ದೆ.

ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ನನಗೆ ಭಯ ಆಗ್ತಿದೆ. ಮೈಕಿನ ಭಯ ಅಂದ್ಕೋಬೇಡಿ. ನಾನು ಪುಕ್ಕಲ ಅಂತ ಇಲ್ಲಿ ಎಲ್ಲರಿಗೂ ಗೊತ್ತು, ಲಿಫ್ಟ್ ಸ್ವಲ್ಪ ಜಗ್ಗಿದ್ರೆ ಪಕ್ಕದವರ ತೋಳು ಹಿಡ್ಕೊಳ್ಳೋ ಗಿರಾಕಿ ನಾನು. ಆದರೆ ಇವತ್ತಿನ ಭಯ ಬೇರೆ. ನೀವು ಎಂಬತ್ತಮೂರು ಜನ ಈ ಹಾಲ್‌ನಲ್ಲಿ ಕೂತಿದ್ದೀರಲ್ಲ, ಅದನ್ನ ನೋಡಿಯೇ ಈ ಭಯ. ಯಾಕೆ ಅಂತ ಹೇಳ್ತೀನಿ. ಇಂಚಣ್ಣನ ವಿಷಯ ಹೇಳದೆ ಅದನ್ನ ಹೇಳೋಕಾಗಲ್ಲ, ಹಾಗಾಗಿ ಸ್ವಲ್ಪ ತಾಳಿ.

ಇಂಚಣ್ಣ ನಮ್ಮ ಕಚೇರಿಯಲ್ಲಿ ಕಟ್ಟಡಗಳ ನಕ್ಷೆ ಬರೀತಿದ್ದರು. ನಾನು ಅವರು ಬರೆದದ್ದನ್ನ ಪರಿಶೀಲಿಸಿ ಸಹಿ ಹಾಕೋನು. ಹದಿನೇಳು ವರ್ಷ ಅಕ್ಕಪಕ್ಕದ ಮೇಜು. ಇಂಚಣ್ಣ ಅನ್ನೋ ಹೆಸರು ಯಾಕೆ ಬಂತು ಅಂತ ಹೊಸಬರಿಗೆ ಗೊತ್ತಿಲ್ಲ. ಆ ಮನುಷ್ಯ ಎಲ್ಲವನ್ನೂ ಅಳೀತಿದ್ದರು. ಹೊಸ ಕುರ್ಚಿ ಬಂದ್ರೆ ಕೂರೋಕೆ ಮುಂಚೆ ಟೇಪು. ಒಂದ್ಸಲ ನಾನು ನಿಂತಲ್ಲೇ ನನ್ನ ಹೊಟ್ಟೆ ಸುತ್ತಳತೆ ತಗೊಂಡು, “ಕಳೆದ ವರ್ಷಕ್ಕಿಂತ ಎರಡು ಇಂಚು ವಿಸ್ತರಣೆ ಆಗಿದೆ ಕಣೋ, ಅನುಮತಿ ತಗೊಂಡಿದ್ದೀಯಾ?” ಅಂದಿದ್ದರು. ನಗಬಹುದು ನೀವು, ಪರವಾಗಿಲ್ಲ. ಅವರಿದ್ದಿದ್ರೆ ಅವರೂ ನಗ್ತಿದ್ದರು.

ಭಾನುವಾರ ಮಧ್ಯಾಹ್ನ ಅವರು ಇನ್ನೊಂದು ಕೆಲಸ ಮಾಡ್ತಿದ್ದರು. ಅದು ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಮೇಜಿನ ಸುತ್ತ ಕೂತು ಆಡೋ ಒಂದು ಆಟ ಇದೆ. ಪ್ರತಿಯೊಬ್ಬರೂ ಒಂದು ಪಾತ್ರ ಆಗ್ತಾರೆ — ಒಬ್ಬ ಕಳ್ಳ, ಒಬ್ಬಳು ಮಾಟಗಾರ್ತಿ, ಹೀಗೆ. ಒಬ್ಬರು ಕಥೆ ನಡೆಸ್ತಾರೆ. ನಾವು “ಬಾಗಿಲು ಒಡೀತೀನಿ” ಅಂದ್ರೆ ದಾಳ ಹಾಕಬೇಕು, ಒಡೀತೋ ಇಲ್ವೋ ದಾಳ ಹೇಳುತ್ತೆ. ಇಂಚಣ್ಣ ಕಥೆ ನಡೆಸೋರು. ನಾನು, ಅತ್ತಿಗೆ, ಕಚೇರಿಯಲ್ಲಿ ಪ್ರಿಂಟು ತೆಗೆಯೋ ಅಕ್ಕ, ಈ ಕಟ್ಟಡದ ಲಿಫ್ಟ್ ಮೆಕ್ಯಾನಿಕ್ — ನಾಲ್ಕು ಜನ ಆಡೋರು. ನನ್ನ ಪಾತ್ರ ಏನು ಗೊತ್ತಾ? ಕೊಡಲಿ ರಾಣಿ. ಆರೂವರೆ ಅಡಿ ಎತ್ತರ, ಯಾರಿಗೂ ಹೆದರೋದಿಲ್ಲ. ಇಲ್ಲದ್ದನ್ನೇ ಮನುಷ್ಯ ಬಯಸೋದು ನೋಡಿ.

ಈ ಆಟಕ್ಕೆ ಕಾಳಗದ ನಕ್ಷೆ ಬೇಕು. ಕೋಣೆ, ಗೋಡೆ, ಸೇತುವೆ, ಯಾರು ಎಲ್ಲಿ ನಿಂತಿದ್ದಾರೆ, ಎಲ್ಲಾ ಅದರ ಮೇಲೆ. ಚೌಕ ಚೌಕವಾಗಿ ಗೆರೆ ಎಳೆದಿರ್ತಾರೆ. ಒಂದು ಇಂಚಿನ ಚೌಕ ಅಂದ್ರೆ ಐದು ಅಡಿ ನೆಲ, ಒಬ್ಬರು ನಿಂತು ಹೊಡೆದಾಡೋ ಜಾಗ. ಜಾಗ ಇದ್ದವರು ಊಟದ ಮೇಜಿನ ತುಂಬ ಹಾಸ್ತಾರಂತೆ. ಇಂಚಣ್ಣನ ಮನೆ ಹೇಗಿತ್ತು ಅಂದ್ರೆ — ಒಂದು ಕೋಣೆ, ಒಂದು ಅಡುಗೆಮನೆ. ಅತ್ತಿಗೆ ಬಟ್ಟೆ ಹೊಲೀತಾರೆ, ಆ ಕೋಣೆಯ ಅರ್ಧ ಅವರ ಹೊಲಿಗೆ ಯಂತ್ರಕ್ಕೆ, ಉಳಿದ ಅರ್ಧ ಮಂಚಕ್ಕೆ. ನಡುವೆ ಬಟ್ಟೆ ಕತ್ತರಿಸೋ ಮೇಜು. ಇಷ್ಟೇ — ಈ ನನ್ನ ಕೈ ಇಷ್ಟು ಅಗಲಿಸಿದ್ರೆ ಮುಗೀತು. ಪ್ರಿಂಟಿನ ಅಕ್ಕ ಮಂಚದ ಮೇಲೆ, ಮೆಕ್ಯಾನಿಕ್ ಅಡುಗೆಮನೆ ಹೊಸ್ತಿಲ ಮೇಲೆ, ನಾನು ಟ್ರಂಕಿನ ಮೇಲೆ. ಯಾರಾದ್ರೂ ನೀರು ಕುಡಿಯೋಕೆ ಏಳಬೇಕು ಅಂದ್ರೆ ಇನ್ನಿಬ್ಬರು ಏಳಬೇಕು. ಮೊದಲನೇ ದಿನ ದಾಳ ಉರುಳಿ ಮಂಚದ ಕೆಳಗೆ ಹೋಯ್ತು, ಅದನ್ನ ಹುಡುಕೋಕೆ ಕಾಲು ಗಂಟೆ. ಆಮೇಲೆ ಸ್ಟೀಲ್ ಬಟ್ಟಲಿಗೆ ಬಟ್ಟೆ ಹಾಸಿ ಅದರೊಳಗೇ ದಾಳ ಹಾಕೋ ನಿಯಮ ಬಂತು.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ. ಇಂಚಣ್ಣ ಮೇಜು ಇದ್ದಷ್ಟು ನಕ್ಷೆ ಚಾಚಿದರು. ಕಚೇರಿಯಲ್ಲಿ ಬಿಸಾಡೋ ಹಾಳೆಗಳನ್ನ ತಂದು ಹಿಂಬದಿಯಲ್ಲಿ ಬರೀತಿದ್ದರು. ಒಂದು ಗೇಣು ಅಗಲದ ಪಟ್ಟಿ ಮಾಡಿ, ಉದ್ದಕ್ಕೆ ಅಂಟಿಸಿ, ಎರಡೂ ತುದಿಗೆ ಪೊರಕೆ ಕೋಲಿನ ತುಂಡು ಕಟ್ಟಿ ಸುರುಳಿ ಮಾಡೋರು. ನಾವು ಮುಂದೆ ನಡೆದ ಹಾಗೆ ಆ ಕಡೆ ಬಿಚ್ಚೋದು, ಈ ಕಡೆ ಸುತ್ತೋದು. ಮೇಲಿನ ಮಹಡಿ ಬೇಕಾದ್ರೆ ದಾರದ ನಾಲ್ಕು ಖಾಲಿ ರೀಲು ನಿಲ್ಲಿಸಿ ಅದರ ಮೇಲೆ ಪಾರದರ್ಶಕ ಹಾಳೆ ಇಡೋದು. ನಾವೆಲ್ಲ ಅತ್ತಿಗೆಯ ಡಬ್ಬಿಯ ಗುಂಡಿಗಳು. ನಾನು ಕೆಂಪು ಕೋಟಿನ ಗುಂಡಿ. ಹೊಗೆ ಅಂದ್ರೆ ಬೂದು ಬಣ್ಣದ ಅಸ್ತರಿನ ಬಟ್ಟೆ. ಆಟ ಮುಗಿದ ಮೇಲೆ ಇಡೀ ಕೋಟೆ ಕೊತ್ತಲ ಎಲ್ಲ ಒಂದು ಚಪ್ಪಲಿ ಡಬ್ಬಿಯೊಳಗೆ ಹೋಗಿ ಮಂಚದ ಕೆಳಗೆ ಸೇರ್ತಿತ್ತು.

“ದೊಡ್ಡ ಮೇಜು ಇದ್ದವನು ಎಲ್ಲಾ ಒಟ್ಟಿಗೆ ತೋರಿಸ್ತಾನೆ ಕಣೋ,” ಅಂತಿದ್ದರು. “ನನ್ನ ಹತ್ರ ಜಾಗ ಇಲ್ಲ. ಅದಕ್ಕೇ ಮುಂದೇನಿದೆ ಅಂತ ನಿಮಗೆ ಕಾಣಲ್ಲ, ಅದಕ್ಕೇ ನೀವು ಹೆದರೋದು.” ನಿಜ. ಆ ಕೋಲು ತಿರುಗಿಸೋವಾಗ ನನ್ನ ಎದೆ ಹೊಡ್ಕೊಳ್ತಿತ್ತು, ಟ್ರಂಕಿನ ಮೇಲೆ ಕೂತು, ಹಾಡುಹಗಲಲ್ಲಿ.

ಅವರದ್ದು ಎರಡು ನಿಯಮ. ಹಾಳೆ ಸಾಲದೆ ಹೋದ್ರೆ ಕೋಣೆ ಕುಗ್ಗಿಸಬಹುದು, ಬಾಗಿಲು ಕುಗ್ಗಿಸಬಾರದು. ಎರಡನೇದು — ದಾರಿಗೆ ಅಡ್ಡ ಬರೋದು ಏನೇ ಇರಲಿ, ಒಂದು ಪೀಪಾಯಿ ಆದ್ರೂ ಸರಿ, ಅದನ್ನ ಬರೀಲೇಬೇಕು. ಈ ಎರಡನೇ ನಿಯಮವನ್ನ ದಯವಿಟ್ಟು ನೆನಪಲ್ಲಿಡಿ. ಯಾಕಂದ್ರೆ ಕಚೇರಿಯ ನಕ್ಷೆಯಲ್ಲಿ ನಾವು ಅದರ ಉಲ್ಟಾ ಮಾಡ್ತೀವಿ. ಗೋಡೆ, ಕಂಬ, ಬಾಗಿಲು ಬರೀತೀವಿ. ಮೇಜು, ಕುರ್ಚಿ, ಬೀರು — ಸರಿಸೋಕೆ ಬರೋ ಯಾವುದನ್ನೂ ಬರೆಯೋದಿಲ್ಲ. ನಮ್ಮ ಕಸುಬಿನ ಪದ್ಧತಿ ಅದು. ಹದಿನೇಳು ವರ್ಷದಲ್ಲಿ ನನಗೆ ಅದರಲ್ಲಿ ತಪ್ಪು ಅಂತ ಒಂದು ದಿನವೂ ಅನಿಸಿರಲಿಲ್ಲ.

ಈಗ — ಕ್ಷಮಿಸಿ, ಒಂದು ಗುಟುಕು ನೀರು.

ಈಗ ಈ ಹಾಲ್ ನೋಡಿ. ಇವತ್ತು ಮೇಜುಗಳನ್ನ ಪಕ್ಕಕ್ಕೆ ಸರಿಸಿದ್ದೀವಿ, ಇಲ್ದಿದ್ರೆ ಇದು ನಾವು ನಕ್ಷೆ ಬರೆಯೋ ಜಾಗ. ಅರವತ್ತು ಅಡಿ ಉದ್ದ, ಮೂವತ್ತು ಅಡಿ ಅಗಲ, ನಾಲ್ಕನೇ ಮಹಡಿ. ನೀವೆಲ್ಲ ಬಂದಿದ್ದು ಆ ಮುಂಬಾಗಿಲಿಂದ. ಇನ್ನೊಂದು ಬಾಗಿಲಿದೆ. ನನ್ನ ಬೆನ್ನ ಹಿಂದೆ ಈ ಬಿಳಿ ಪರದೆ ಇದೆಯಲ್ಲ, ಇಂಚಣ್ಣನ ಫೋಟೋ ಹಾಕಿರೋದು — ಇದರ ಹಿಂದೆ. ಹಿಂದಿನ ಅಗಲವಾದ ಮೆಟ್ಟಿಲಿಗೆ ಹೋಗೋ ಬಾಗಿಲು. ಹೋದ ವರ್ಷ ಹಳೇ ನಕ್ಷೆಗಳನ್ನ ಇಡೋಕೆ ಜಾಗ ಇಲ್ಲ ಅಂತ ನಾಲ್ಕು ಕಬ್ಬಿಣದ ಬೀರು ತಂದು ಆ ಬಾಗಿಲಿಗೆ ಅಡ್ಡ ನಿಲ್ಲಿಸಿದ್ವಿ. ತುಂಬಿಸಿದ್ವಿ. ತಾತ್ಕಾಲಿಕ ಅಂತ.

ವರ್ಷಕ್ಕೊಂದು ಸಲ ಸುರಕ್ಷತೆಯ ಪತ್ರ ಕಳಿಸಬೇಕು, ನಕ್ಷೆ ಸಮೇತ. “ಹೊರಹೋಗಲು ಎರಡು ಬಾಗಿಲು, ಎರಡೂ ತೆರವಾಗಿವೆ.” ಆ ಸಲ ನಕ್ಷೆ ಬರೆದು ಸಹಿ ಹಾಕಿದವನು ನಾನೇ. ಇಂಚಣ್ಣ ನನ್ನ ಮೇಜಿನ ಹತ್ರ ಬಂದು ಕೇಳಿದರು, “ಬೀರು ಎಲ್ಲಿ ಕಣೋ ಇದರಲ್ಲಿ?”

ನಾನಂದೆ, “ಸರಿಸೋ ವಸ್ತು ಅಣ್ಣ. ಸರಿಸೋ ವಸ್ತು ನಾವು ಬರೆಯಲ್ಲ.”

“ಸರಿಸ್ತೀಯಾ?”

“ನೋಡೋಣ ಬಿಡಿ.”

ಮುಂದಿನ ಭಾನುವಾರ ಆಟಕ್ಕೆ ಹೋದಾಗ ಸುರುಳಿ ಇರಲಿಲ್ಲ. ಒಂದೇ ಹಾಳೆ, ಹನ್ನೆರಡು ಇಂಚು ಉದ್ದ, ಆರು ಇಂಚು ಅಗಲ. ಇಡೀ ನಕ್ಷೆ ಒಂದೇ ಸಲ ಮೇಜಿನ ಮೇಲೆ ಹಿಡೀತು. ಹಳೇ ಗ್ರಂಥಗಳ ನೆಲಮಾಳಿಗೆ ಅಂತ ಕಥೆ. ಮುಂದಿನ ಬಾಗಿಲ ಹತ್ರ ಬೆಂಕಿ ಬಿದ್ದಿದೆ, ಹಿಂದಿನ ಬಾಗಿಲಿಂದ ಪಾರಾಗಬೇಕು. ಆ ಬಾಗಿಲಿಗೆ ಅಡ್ಡ ನಾಲ್ಕು ಕಲ್ಲಿನ ಪೆಟ್ಟಿಗೆ. ಅತ್ತಿಗೆ ಪ್ರತಿ ಸುತ್ತಿಗೂ ಬೂದು ಬಟ್ಟೆಯನ್ನ ಒಂದೊಂದು ಚೌಕ ಮುಂದಕ್ಕೆ ಎಳೀತಿದ್ದರು.

ನನ್ನ ಕೊಡಲಿ ರಾಣಿ ನುಗ್ಗಿದಳು. ಇಪ್ಪತ್ತು ಮುಖದ ದಾಳದಲ್ಲಿ ಹತ್ತೊಂಬತ್ತು ಬಿತ್ತು. ನಾನು ಕೂಗಿಕೊಂಡೆ. ಇಂಚಣ್ಣ ನಗಲಿಲ್ಲ. “ಏಟು ಸರಿಯಾಗೇ ಬಿತ್ತು,” ಅಂದರು. “ಆದ್ರೆ ಪೆಟ್ಟಿಗೆ ತುಂಬಿದೆ. ಎಳೆಯೋಕೆ ನಾಲ್ಕು ಜನ ಬೇಕು. ನಿಲ್ಲೋಕೆ ಇರೋದು ಒಂದೇ ಚೌಕ.”

ಆಗ ನಾನು ನಕ್ಷೆಯನ್ನ ಸರಿಯಾಗಿ ನೋಡಿದೆ. ಆರು ಕಂಬ. ಮೂರನೇ ಕಂಬ ಸಾಲಿನಿಂದ ಸ್ವಲ್ಪ ಆಚೆ — ಅಲ್ಲಿ, ಆ ಪೈಪಿನ ಪಕ್ಕ ಇರೋದು, ಎಲ್ಲರೂ ತಲೆ ಹೊಡ್ಕೊಳ್ಳೋದು. ಬೆಂಕಿ ಬಿದ್ದ ಜಾಗ ಆ ಚಹಾ ಯಂತ್ರ ಇರೋ ಮೂಲೆ. ಇವತ್ತೂ ಅಲ್ಲೇ ಕುದೀತಿದೆ ನೋಡಿ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರಲ್ಲ, ಅದು ಇದೇ ಹಾಲ್ ಅಂತ ಆ ಕೋಣೆಯಲ್ಲಿ ಗೊತ್ತಾಗಿದ್ದು ನನಗೊಬ್ಬನಿಗೇ. ಏಳನೇ ಸುತ್ತಿಗೆ ನಾಲ್ಕೂ ಗುಂಡಿ ಆ ಬಾಗಿಲ ಮುಂದೆ ಒಂದರ ಮೇಲೊಂದು ರಾಶಿ ಬಿದ್ದಿದ್ವು, ಬಟ್ಟೆಯ ಕೆಳಗೆ. “ಎಲ್ಲಾ ಸತ್ವಾ?” ಅಂತ ಮೆಕ್ಯಾನಿಕ್ ನಗ್ತಾ ಕೇಳಿದ. ಅತ್ತಿಗೆ ಗುಂಡಿಗಳನ್ನ ಬಾಚಿ ಡಬ್ಬಿಗೆ ಹಾಕಿದರು.

ಇಂಚಣ್ಣ ನನ್ನ ಜೊತೆ ಮೆಟ್ಟಿಲು ಇಳಿದು ಬಂದರು. “ಗೊತ್ತಾಯ್ತಲ್ಲ?” ಅಂದರು. ಗೊತ್ತಾಯ್ತು ಅಣ್ಣ, ಸೋಮವಾರ ಸಾಹೇಬರ ಹತ್ರ ಮಾತಾಡ್ತೀನಿ ಅಂದೆ. ಸೋಮವಾರ ಬಂತು. ಸಾಹೇಬರ ಕೋಣೆಯ ಬಾಗಿಲ ತನಕ ಹೋದೆ. ಒಳಗೆ ಹೋಗಿ ಏನಂತ ಹೇಳಲಿ? ತೆರವಾಗಿದೆ ಅಂತ ಸಹಿ ಹಾಕಿದವನೇ ಹೋಗಿ ಮುಚ್ಚಿದೆ ಅನ್ನಬೇಕು. ವಾಪಸ್ ಬಂದೆ. ಹೀಗೆ ಒಂಬತ್ತು ಸೋಮವಾರ. ಇಂಚಣ್ಣ ಪ್ರತಿ ಸಲ ನನ್ನ ಮುಖ ನೋಡೋರು, ನಾನು ಕಾಗದ ನೋಡ್ತಿದ್ದೆ.

ಅವರಾದ್ರೂ ನೇರ ಹೋಗಿ ಹೇಳಬಹುದಿತ್ತಲ್ಲ ಅಂತ ನಿಮಗೆ ಅನಿಸಬಹುದು. ಹೇಳಿದ್ದಿದ್ರೆ ನನ್ನ ಕೆಲಸ ಹೋಗ್ತಿತ್ತು. ಅದಕ್ಕೇ ಹೇಳಲಿಲ್ಲ. ನಾನೇ ಹೇಳ್ತೀನಿ ಅಂತ ಕಾದರು. ನನ್ನನ್ನ ಉಳಿಸೋಕೆ ಕಾದರು ಆ ಮನುಷ್ಯ.

ಒಂಬತ್ತನೇ ವಾರದ ಗುರುವಾರ, ಮಧ್ಯಾಹ್ನ ಮೂರು ಗಂಟೆ. ಇಂಚಣ್ಣ ಪೆನ್ಸಿಲ್ ಕೆಳಗಿಟ್ಟರು, ಎದೆ ಹಿಡ್ಕೊಂಡರು, ಕುರ್ಚಿಯಿಂದ ಜಾರಿದರು. ಇಲ್ಲೇ. ಈಗ ನಾನು ನಿಂತಿರೋ ಜಾಗದಿಂದ ಒಂದು ಹೆಜ್ಜೆ. ಪ್ರಿಂಟಿನ ಅಕ್ಕ ಫೋನ್ ಮಾಡಿ, ನಾಲ್ಕನೇ ಮಹಡಿ, ಹಾಲಿನ ಹಿಂದಿನ ತುದಿ ಅಂದರು. ಆಂಬುಲೆನ್ಸ್ ಬಹಳ ಬೇಗ ಬಂತು. ಅದರಲ್ಲಿ ಬಂದವರು ಯಾವ ತಪ್ಪೂ ಮಾಡಲಿಲ್ಲ — ಇದನ್ನ ನಾನು ಒತ್ತಿ ಹೇಳ್ತೀನಿ — ಯಾವ ತಪ್ಪೂ ಮಾಡಲಿಲ್ಲ. ಕೆಳಗೆ ಪ್ರವೇಶದ ಹತ್ರ ಗೋಡೆಗೆ ಈ ಮಹಡಿಯ ಅದೇ ನಕ್ಷೆಯ ಪ್ರತಿ ಹಾಕಿತ್ತು. ಅದನ್ನ ನೋಡಿದರು. ಲಿಫ್ಟಿನೊಳಗೆ ಸ್ಟ್ರೆಚರ್ ಹಿಡಿಯಲ್ಲ, ಅದಕ್ಕೆ ಹಿಂದಿನ ಮೆಟ್ಟಿಲೇ ಅಗಲ, ಅದರ ಬಾಗಿಲು ರೋಗಿಯ ಪಕ್ಕದಲ್ಲೇ ಇದೆ, ತೆರವಾಗಿದೆ. ಕೆಳಗೆ ನನ್ನ ಸಹಿ ಇದೆ. ನಂಬಿದರು. ನಾಲ್ಕು ಮಹಡಿ ಹತ್ತಿ ಆ ಬಾಗಿಲಿಗೆ ಬಂದರು.

ಬಾಗಿಲು ಬಡಿಯೋ ಸದ್ದು ನಮಗೆ ಬೀರುಗಳ ಹಿಂದಿನಿಂದ ಕೇಳಿಸ್ತು. “ಬಾಗಿಲು ತೆಗೀರಿ! ಯಾರಿದ್ದೀರಿ, ಬಾಗಿಲು ತೆಗೀರಿ!” ಇಂಚಣ್ಣ ಇಲ್ಲಿ ಮಲಗಿದ್ದಾರೆ. ಅವರು ಅಲ್ಲಿ ನಿಂತಿದ್ದಾರೆ. ನಡುವೆ ಹತ್ತು ಅಡಿ. ಎರಡು ಚೌಕ. ನಾವು ನಾಲ್ಕು ಜನ ಬೀರು ಹಿಡಿದು ಎಳೆದ್ವಿ. ಮೇಜುಗಳ ನಡುವೆ ಸರಿಯಾಗಿ ಕಾಲೂರಿ ನಿಲ್ಲೋಕೆ ಒಬ್ಬನಿಗೇ ಜಾಗ. ಬೀರು ಒಂದು ಬೆರಳು ಅಲುಗಿತು. ಇಂಚಣ್ಣನ ಕಣ್ಣು ತೆರೆದಿತ್ತು, ನನ್ನನ್ನೇ ನೋಡ್ತಿದ್ದರು. ಏನಾದ್ರೂ ಹೇಳಿದ್ದಿದ್ರೆ, ಬೈದಿದ್ದಿದ್ರೆ ಚೆನ್ನಾಗಿತ್ತು. ಕೊನೆಗೆ ನಾವು ಕೂಗಿ ಹೇಳಿದ್ವಿ, ಸುತ್ತಿ ಬನ್ನಿ ಅಂತ. ಅವರು ಇಳಿದು, ಕಟ್ಟಡ ಸುತ್ತಿ, ಮುಂದಿನ ಕಿರಿದಾದ ಮೆಟ್ಟಿಲಲ್ಲಿ ಸ್ಟ್ರೆಚರ್ ಓರೆ ಮಾಡಿ ಹತ್ತಿ ಬರೋಕೆ ಹನ್ನೊಂದು ನಿಮಿಷ ಆಯ್ತು.

ವೈದ್ಯರನ್ನ ಕೇಳಿದೆ. ಹನ್ನೊಂದು ನಿಮಿಷ ಮುಂಚೆ ಬಂದಿದ್ರೆ ಉಳೀತಿದ್ರಾ ಅಂತ. ಅವರು, “ಹೇಳೋಕಾಗಲ್ಲ,” ಅಂದರು. ಇಲ್ಲ ಅಂದಿದ್ರೆ ನಾನು ಹೇಗೋ ಬದುಕ್ತಿದ್ದೆ. ಹೌದು ಅಂದಿದ್ರೂ ಅದು ಒಂದು ಉತ್ತರ. ಹೇಳೋಕಾಗಲ್ಲ ಅನ್ನೋ ಮಾತನ್ನ ಹೊತ್ಕೊಂಡು ಎಲ್ಲಿಗೆ ಹೋಗಲಿ ನಾನು?

ಅತ್ತಿಗೆಗೆ ನಾನು ಫೋನಿನಲ್ಲಿ ಹೇಳಿದ್ದು “ಆಂಬುಲೆನ್ಸ್ ತಕ್ಷಣ ಬಂತು” ಅಂತ. ಸುಳ್ಳಲ್ಲ, ನೋಡಿ. ನಾನು ಬರೆದ ಆ ನಕ್ಷೆಯ ಹಾಗೇ ಆ ಮಾತು ಕೂಡ. ಬಾಗಿಲು ಬರೆದೆ, ಬೀರು ಬಿಟ್ಟೆ.

ಮೊನ್ನೆ ಹೋಗಿ ಎಲ್ಲಾ ಹೇಳಿದೆ. ಅತ್ತಿಗೆ ಹೊಲೀತಾ ಇದ್ದರು. ಯಂತ್ರದ ಚಕ್ರವನ್ನ ಕೈಯಿಂದ ಹಿಡಿದು ನಿಲ್ಲಿಸಿದರು. ಆಮೇಲೆ ಅಂದರು — ಅತ್ತಿಗೆ, ಹೇಳಲಾ? — “ನನಗೊಬ್ಬಳಿಗೆ ಹೇಳಿ ನೀವು ಹಗುರ ಆಗಬೇಡಿ. ಅಲ್ಲಿ, ಸಭೆಯಲ್ಲಿ ನಿಂತು ಹೇಳಿ.”

ಇವತ್ತು ಬೆಳಿಗ್ಗೆ ಸಾಹೇಬರನ್ನ ಕೇಳಿದೆ, ಸಭೆಗೆ ಮುಂಚೆ ಬೀರು ತೆಗೆಸೋಣವಾ ಅಂತ. “ಇವತ್ತು ಯಾಕೆ ಆ ಗಲಾಟೆ, ಒಂದು ಪರದೆ ಕಟ್ಟಿ, ನೋಡೋಕೂ ಚೆನ್ನಾಗಿರುತ್ತೆ” ಅಂದರು. ಸಾಹೇಬರೇ, ನೀವು ಕೆಟ್ಟವರು ಅಂತ ನಾನು ಹೇಳ್ತಿಲ್ಲ. ನಿಮಗೆ ಪೂರ್ತಿ ಗೊತ್ತಿಲ್ಲ, ಯಾಕಂದ್ರೆ ನಾನು ಪೂರ್ತಿ ಹೇಳಲಿಲ್ಲ. ಸರಿ ಸಾರ್ ಅಂದೆ. ಈ ಪರದೆಯನ್ನ ಈ ಕೈಯಿಂದಲೇ ಕಟ್ಟಿದೆ. ಇಷ್ಟೆಲ್ಲಾ ಆದ ಮೇಲೂ ಕಟ್ಟಿದೆ! ನನಗೆ ನನ್ನ ಬಗ್ಗೆಯೇ ಹೆದರಿಕೆ ಹುಟ್ಟಿದ್ದು ಆಗ. ಆಮೇಲೆ ನೀವು ಬರೋಕೆ ಶುರು ಮಾಡಿದಿರಿ, ನಾನು ಎಣಿಸೋಕೆ ಶುರು ಮಾಡಿದೆ.

ಎಂಬತ್ತಮೂರು ಜನ. ಒಂದೇ ಬಾಗಿಲು, ಅದರ ಪಕ್ಕದಲ್ಲಿ ಕುದಿಯೋ ಚಹಾ ಯಂತ್ರ. ಎರಡು ಬಾಗಿಲಿದೆ ಅಂತ ನನ್ನ ಸಹಿ. ಏನೂ ಆಗೋದಿಲ್ಲ ಅಂತೀರಿ. ನಾನೂ ಒಂಬತ್ತು ಸೋಮವಾರ ಅದನ್ನೇ ಅಂದ್ಕೊಂಡೆ.

ಇಂಚಣ್ಣನ ಗುಣಗಾನ ಮಾಡಿ ಅಂತ ನನ್ನನ್ನ ಇಲ್ಲಿ ನಿಲ್ಲಿಸಿದ್ದೀರಿ. ಅವರು ಒಳ್ಳೆಯವರು. ಅಷ್ಟು ಚಿಕ್ಕ ಮೇಜಿನ ಮೇಲೂ ಸುಳ್ಳು ಬರೆಯದೆ ಇದ್ದವರು. ನನಗೆ ಇನ್ನೇನೂ ಹೇಳೋಕೆ ಬರ್ತಿಲ್ಲ. ನಾಳೆ ಸಾಹೇಬರು ನನ್ನನ್ನ ಏನು ಮಾಡ್ತಾರೋ ಮಾಡಲಿ. ಕೆಳಗಿನ ಗೋಡೆಯಿಂದ ಆ ನಕ್ಷೆಯನ್ನ ಕಿತ್ತು ತಂದು ಜೇಬಲ್ಲಿ ಇಟ್ಕೊಂಡಿದ್ದೀನಿ, ಸುರಕ್ಷತೆಯವರಿಗೆ ನಾನೇ ಬರೀತೀನಿ.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ.

ಬಾಗಿಲ ಹತ್ರ ಇರೋರು ಆ ಚಹಾ ಯಂತ್ರದ ಸ್ವಿಚ್ ಆರಿಸಿ. ವಯಸ್ಸಾದವರು, ನಿಲ್ಲೋಕೆ ಕಷ್ಟ ಆಗೋರು, ನಿಧಾನವಾಗಿ ಹೊರಗಿನ ಮೊಗಸಾಲೆಗೆ ನಡೀರಿ, ಯಾರೂ ನೂಕಬೇಡಿ. ಅತ್ತಿಗೆ, ಈ ಫೋಟೋ ನಿಮ್ಮ ಕೈಲಿರಲಿ — ಹಿಡ್ಕೊಳ್ಳಿ. ಪರದೆ ನಾನು ಇಳಿಸ್ತೀನಿ. ಮೌನಾಚರಣೆ ಅಂದ್ರೆ ಕೈ ಕಟ್ಟಿ ನಿಲ್ಲಬೇಕು ಅಂತ ಎಲ್ಲೂ ಬರೆದಿಲ್ಲ. ಮೊದಲನೇ ಬೀರುವಿನಿಂದ ಒಂದೊಂದೇ ಕಟ್ಟು ತೆಗೆದು ಕೊಡ್ತೀನಿ, ಸಾಲಿನಿಂದ ಸಾಲಿಗೆ, ಕೈಯಿಂದ ಕೈಗೆ ಹಿಂದಕ್ಕೆ ಕಳಿಸಿ, ಕಿಟಕಿ ಪಕ್ಕ ಪೇರಿಸಿ. ಖಾಲಿ ಬೀರು ಇಬ್ಬರಿಗೆ ಸರಿಯುತ್ತೆ. ಸಾಹೇಬರೇ, ನೀವೂ ಬನ್ನಿ.

ಯಾರೂ ಮಾತಾಡಬೇಡಿ. ನನಗೆ ಯಾರೂ ಸಮಾಧಾನ ಹೇಳಬೇಡಿ.

ಎರಡು ನಿಮಿಷ ಅಂತ ಹೇಳಲ್ಲ. ಆ ಬಾಗಿಲು ತೆರೆಯೋ ತನಕ — ಮೌನ.